ಜಗಲಿಯ ನೀಲಿ ಕಲ್ಲು

ನನ್ನ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಕಲ್ಲುಗಳಿದ್ದವು. ಪ್ರತಿಯೊಂದರ ಮುಂದೆ ಸಿಕ್ಕ ದಿನ, ಸಿಕ್ಕ ಜಾಗ, ತೂಕ. ಎಲ್ಲವೂ ದೇವದುರ್ಗದ ಆಚೆಯ ಗುಡ್ಡದವು. ಹಿಂದಿನ ಕಾಲದವರು ತಾಮ್ರಕ್ಕಾಗಿ ತೋಡಿದ ಗುಂಡಿಗಳು ಅಲ್ಲಿವೆ. ರಾಯಚೂರಿನ ಕಾಲೇಜಿನಲ್ಲಿ ಭೂವಿಜ್ಞಾನ ಓದುವ ನಾನು ಭಾನುವಾರ ಮಾನ್ವಿಯ ಮನೆಯಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ.

ನಲವತ್ತೆರಡನೆಯದು ನನ್ನದಲ್ಲ, ಗುಡ್ಡದ ಬುಡದಲ್ಲಿ ಹೊಲ ಇರುವ ಮುದುಕಿಯೊಬ್ಬರದು; ನಾನು ಅವರನ್ನು ಅವ್ವ ಎನ್ನುತ್ತಿದ್ದೆ. ಬಾವಿ ತೋಡುವಾಗ ಅವರ ಯಜಮಾನರಿಗೆ ಸಿಕ್ಕಿತ್ತಂತೆ. ಅವರು ತೀರಿಕೊಂಡ ಮೇಲೆ ಅವ್ವ ಅದನ್ನು ದೇವರ ಜಗಲಿಯ ಮೇಲೆ ಲಿಂಗದ ಪಕ್ಕ ಇಟ್ಟಿದ್ದರು. ಬಿಳಿ ಕಲ್ಲು, ಮೇಲೆ ಸಕ್ಕರೆ ಉದುರಿಸಿದಂತೆ ತಾಮ್ರದ ಕಡುನೀಲಿ ಹರಳು. ಅಂಥದ್ದು ನನಗೆ ಒಂದೂ ಸಿಕ್ಕಿರಲಿಲ್ಲ. ಅಳತೆ ಮಾಡಿ ಫೋಟೊ ತೆಗೆದು ಕೊಡುತ್ತೇನೆಂದು ಕೇಳಿದೆ.

“ಒಯ್ಯಿ ತಂಗಿ. ಮುಂದಿನ ಸೋಮವಾರ ಪೂಜಿಗೆ ತಿರುಗಿ ಬರಬೇಕು ನೋಡು.”

ಕಲ್ಲಿಗೆ ದೀಪದ ಮಸಿ, ಎಣ್ಣೆ ಹತ್ತಿತ್ತು. ತೊಳೆದು ಕೊಡೋಣವೆನಿಸಿತು. ತಾಮ್ರದ ಕಲ್ಲಿಗೆ ಏನು ಹಚ್ಚಲಿ ಎಂದು ಮನೆಯಲ್ಲಿ ಕೇಳಿದೆ. ತಾಮ್ರದ ಕೊಡ ಉಜ್ಜುತ್ತಿದ್ದ ನಮ್ಮ ತಾಯಿ ನಕ್ಕಳು: “ತಾಮ್ರಕ್ಕ ಹುಣಸಿಹಣ್ಣು ಬಿಟ್ಟು ಮತ್ತೇನು ಹಚ್ತಾರಬೇ? ಕಾಲೇಜಿನ್ಯಾಗ ಇದನ್ನೂ ಹೇಳಿಕೊಡಂಗಿಲ್ಲೇನು?”

ಶುಕ್ರವಾರ ಕಲ್ಲನ್ನು ಹುಣಸೆ ನೀರಿನಲ್ಲಿ ನೆನೆಹಾಕಿ ಪರೀಕ್ಷೆಗೆ ರಾಯಚೂರಿಗೆ ಹೋದೆ. ಭಾನುವಾರ ಬಂದು ನೋಡಿದರೆ ಬರೀ ಬಿಳಿ ಕಲ್ಲು. ಈ ನೀಲಿ ಖನಿಜ ಆಮ್ಲದಲ್ಲಿ ಕರಗುತ್ತದೆ ಎಂಬ ಸಾಲಿನ ಕೆಳಗೆ ಪುಸ್ತಕದಲ್ಲಿ ನಾನೇ ಗೆರೆ ಎಳೆದಿದ್ದೆ. ಹುಣಸೆಯ ಹುಳಿಯೂ ಆಮ್ಲವೇ ಎಂದು ಹೊಳೆದಿರಲಿಲ್ಲ.

ಸೋಮವಾರ ಅವ್ವ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ನಡೆದದ್ದನ್ನೆಲ್ಲ ಹೇಳಿದೆ.

“ಹುಣಸಿಹಣ್ಣಿಗೆ ಕಲ್ಲು ಕರಗ್ತದಂತ. ನಾ ಏನು ಕೂಸೇನು? ಇದು ನಂದಲ್ಲ. ನಂದು ತಂದುಕೊಡು.”

ಮೊಬೈಲಿನಲ್ಲಿ ಫೋಟೊ ತೋರಿಸಿ, ಆಕಾರ ಅದೇ ಅಲ್ಲವೇ ಎಂದೆ. ಅವರು ನೀಲಿಯ ಮೇಲೆ ಬೆರಳಿಟ್ಟರು. ಚಿತ್ರ ಸರಿದು ಬೇರೆ ಬಂತು. “ನೋಡು, ಇಲ್ಲೂ ಬದ್ಲಿ ಮಾಡ್ದಿ,” ಎಂದರು.

ನಾಲ್ಕು ಭಾನುವಾರ ಗುಂಡಿಗಳ ಬಳಿಯ ರಾಶಿಯ ಕಲ್ಲುಗಳನ್ನು ಮಗುಚಿ ಹಾಕಿದೆ. ನೀಲಿ: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಅವರ ಹೊಲದ ದಾರಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದೆ. ಅವರ ಊರಲ್ಲಿ ನಾನು ಕಳ್ಳಿ ಎಂದಾಗಿತ್ತು.

ಐದನೆಯ ಭಾನುವಾರ ನನ್ನ ಹದಿನೇಳನೆಯ ಕಲ್ಲನ್ನು ತೆಗೆದುಕೊಂಡು ಹೋದೆ. ತಾಮ್ರದ ಹಸಿರು ಪದರ ಕಟ್ಟಿದ್ದು, ಇದ್ದವುಗಳಲ್ಲೆಲ್ಲ ಚೆಂದದ್ದು. ಅವ್ವನ ಕಟ್ಟೆಯ ಮೇಲೆ ಗಾಜಿನ ಲೋಟದಲ್ಲಿಟ್ಟು ಆರು ನಿಂಬೆಹಣ್ಣು ಹಿಂಡಿದೆ. ಸಣ್ಣ ಗುಳ್ಳೆಗಳು ಎದ್ದವು. ಅವ್ವ ಜೋಳ ಹಸನು ಮಾಡುತ್ತ ನೋಡುತ್ತಲೇ ಇದ್ದರು. ಮಧ್ಯಾಹ್ನಕ್ಕೆ ರಸ ಹಸಿರಾಯಿತು. ಸಂಜೆ ಕಲ್ಲು ಹೊರತೆಗೆದೆ. ಹಸಿರೆಲ್ಲ ಹೋಗಿ ಅಲ್ಲಲ್ಲಿ ಕಲೆಯಷ್ಟೇ ಉಳಿದಿತ್ತು.

ಅವ್ವ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಖರೆ ಹೇಳೀದಿ ತಂಗಿ. ನಾನಽ ನಂಬಲಿಲ್ಲ.” ಲೋಟ ಕೆಳಗಿಡದೆ ಕೇಳಿದರು, “ಹಂಗಾದ್ರ ನನ್ನ ನೀಲಿನೂ ನೀರಿನ್ಯಾಗ ಇತ್ತು. ಆ ನೀರು ಏನು ಮಾಡ್ದಿ?”

ಬಚ್ಚಲಿಗೆ ಚೆಲ್ಲಿದ್ದೆ.