ದೋಷಗಳನ್ನು ಮುಚ್ಚಿಡದ ಸರ್

ಇಳಕಲ್ಲಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಆ ಸರ್, ಕಠಿಣ ಮಾತು ಹೇಳುವ ಮೊದಲು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಉಚಿತ ತಂತ್ರಾಂಶಗಳಿಗೆ ದೂರದೂರದ ಹಲವರು ಸೇರಿ ದುಡಿಯುತ್ತಿದ್ದೆವು. ಯಾವ ಪ್ಯಾಕೇಜಿನಲ್ಲಿ, ಅಂದರೆ ಯಾವ ತಂತ್ರಾಂಶದ ಕಟ್ಟಿನಲ್ಲಿ, ಏನು ದೋಷವಿದೆಯೆಂದು ಇಂಟರ್ನೆಟ್ಟಿನ ಒಂದು ಪುಟದಲ್ಲಿ ಎಲ್ಲರಿಗೂ ತೋರಿಸುವುದು ಸರ್ ಪಾಲಿನ ಕೆಲಸ. ದೋಷವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಟೈಪಿಂಗ್ ಅಂಗಡಿಯಲ್ಲೇ ಕಲಿತು, ಕನ್ನಡ ಟೈಪ್ ಮಾಡುವ ಪ್ಯಾಕೇಜೊಂದನ್ನು ಕಟ್ಟಿದ್ದೆ. ಒತ್ತಕ್ಷರ ಒಡೆಯುತ್ತದೆಂದು ಅದಕ್ಕೆ ಕೆಂಪು ಬಿತ್ತು. ತಿಂಗಳೊಳಗೆ ಹಸಿರಾಗದಿದ್ದರೆ ಎಲ್ಲರ ತಂತ್ರಾಂಶ ಸೇರಿಸಿ ಹಂಚುವ ಹೊಸ ಸಿಡಿಯಿಂದ ಅದನ್ನು ಕೈಬಿಡುತ್ತಿದ್ದರು.

"ತಿದ್ದೋತನಕ ಮುಚ್ಚಿಡ್ರಿ ಸರ್, ಮಂದಿ ನಗ್ತಾರ."

ಕನ್ನಡಕ ಕೈಗೆ ಬಂತು. "ಮುಚ್ಚಿಟ್ಟರ ತಿದ್ದವ್ರು ಯಾರೋ ತಮ್ಮಾ?" ಎಂದರು. ಎಲ್ಲರಿಗೂ ಅವರು ಹೇಳುತ್ತಿದ್ದ ಮಾತೇ ಅದು. "ನನ್ನ ಪ್ಯಾಕೇಜೂ ಕೆಂಪೈತಿ ನೋಡು, ಪುಟದಾಗ ಎಲ್ಲಾರಕಿಂತ ಮ್ಯಾಲ."

ಹಠ ಹಿಡಿದು ತಿದ್ದಿದೆ. ಆದರೆ ತಿದ್ದಿದವನೇ ಹಸಿರು ಮಾಡುವಂತಿರಲಿಲ್ಲ. ದೂರು ಕೊಟ್ಟವರೇ ನೋಡಿ ಒಪ್ಪಬೇಕೆಂಬುದು ಸರ್ ಹಾಕಿದ ನೇಮ. ದೂರು ಕೊಟ್ಟಿದ್ದವರು ಗುಳೇದಗುಡ್ಡದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಾಹೇಬರು. ಗಡುವಿಗೆ ಎರಡು ದಿನವಿದ್ದಾಗ ಅವರು ಸರ್ ಕ್ಲಾಸಿಗೆ ಬಂದು, ನನ್ನ ಪ್ಯಾಕೇಜಿನಲ್ಲಿ ಇಡೀ ಲಗ್ನಪತ್ರಿಕೆಯನ್ನೇ ಟೈಪ್ ಮಾಡಿದರು.

"ಒತ್ತಕ್ಷರ ಚೊಲೊ ಬಂದಾವ್ರಿ. ಆದ್ರ ಕನ್ನಡ ಅಂಕಿ ಒತ್ತಿದ್ರ ಇಂಗ್ಲಿಷ್ ಅಂಕಿ ಬರಾಕತ್ತಾವಲ್ಲ?"

ಅದನ್ನು ಆ ತನಕ ಯಾರೂ ಗಮನಿಸಿರಲಿಲ್ಲ. ಹಸಿರು ಮಾಡಲು ಹೊರಟಿದ್ದ ಸರ್ ಮೌಸ್ ಬಿಟ್ಟು ನನ್ನ ಮುಖ ನೋಡಿದರು.

"ಅದನ್ನೂ ಪುಟದಾಗ ಕೆಂಪು ಹಚ್ಚರಿ ಸರ್," ಎಂದೆ. "ಇನ್ನೂ ಎರಡು ದಿನ ಐತಿ."