ನನ್ನ ಗಂಡ ತಿಪ್ಪೆಗೆ ಹಾಕಿದ ಕೂಸು

ನನ್ನ ಗಂಡ ಯಮನೂರಪ್ಪ ಸುಳ್ಳು ಹೇಳಲು ಬಾರದ ಮನುಷ್ಯ. ಕುರಿ ಮಾರುವಾಗ ಅದರ ಕುಂಟು ಕಾಲನ್ನು ತಾನೇ ಎತ್ತಿ ತೋರಿಸುತ್ತಿದ್ದ. ಅಂಥವನು ಪೊಲೀಸರ ಮುಂದೆ ಸುಳ್ಳು ಹೇಳಿದ. ಹೋದ ಸುಗ್ಗಿಯಲ್ಲಿ ಜ್ವರ ಬಂದು ಹೋಗಿಬಿಟ್ಟ. ಅವನ ಸುದ್ದಿ ಬಂದರೆ ಊರವರು ಆ ಸುಳ್ಳನ್ನೇ ಹೇಳಿ ನಗುತ್ತಾರೆ. ನಗಲಿ. ಸರಿಯಾಗಿ ಹೇಳಿ ನಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮೂರು ವಳಕಮದಿನ್ನಿಯಲ್ಲಿ ನಮಗೆ ಎರಡು ಕೂಸು ಹುಟ್ಟಿದವು. ಎರಡೂ ಉಳಿಯಲಿಲ್ಲ. ಹೊಲದ ಬದುವಿನಲ್ಲಿ ಅವನೇ ಮಣ್ಣು ಮಾಡಿ ಬಂದ. ನಿಜಾಮನ ರಾಜ್ಯ ಹೋದ ಎರಡನೇ ವರ್ಷ ಮೂರನೆಯದು ಹುಟ್ಟಿತು, ಗಂಡು. ಕೂಸು ಉಳಿಯದ ಮನೆಯವರು ಹೊಸ ಕೂಸನ್ನು ತಿಪ್ಪೆಯ ಮೇಲೆ ಇಟ್ಟು, ಬೇಡವೆಂದು ಹೇಳಿ, ತಿರುಗಿ ನೋಡದೆ ಬರಬೇಕು. ಮಕ್ಕಳು ಉಳಿದಿರುವ ಹೆಂಗಸೊಬ್ಬಳು ಎತ್ತಿಕೊಳ್ಳಬೇಕು. ಆಮೇಲೆ ಒಂದು ಮೊರ ನುಚ್ಚು ಕೊಟ್ಟು ಅವಳಿಂದ ಕೊಂಡು, ಮೂಗು ಚುಚ್ಚಿಸಬೇಕು. ಕೊಳ್ಳುವ ತನಕ ನನ್ನದು ಅನ್ನಬಾರದು. ಅಂದರೆ ಸಾವಿನ ಕಿವಿಗೆ ಬೀಳುತ್ತದೆ.

ಎತ್ತಿಕೊಳ್ಳಲು ಪಕ್ಕದ ಮನೆಯ ಬಳೆ ಮಾರುವ ಖಾಸಿಂಬೀ ಒಪ್ಪಿದ್ದಳು. ಅವಳಿಗೆ ಮನೆ ತುಂಬ ಮಕ್ಕಳು, ಎಲ್ಲವೂ ಗಟ್ಟಿ.

ಅವತ್ತೇ ಊರಿಗೆ ಹೊಸ ಪೊಲೀಸ್ ಜಮಾದಾರ ಬಂದಿದ್ದ. ನಿಜಾಮನ ಕಡೆಯವರು ಎಲ್ಲೆಲ್ಲಿ ಬಂದೂಕು ಹುಗಿದಿಟ್ಟಿದ್ದಾರೆಂದು ತಿಪ್ಪೆ ಕೆದಕಿಸುತ್ತಿದ್ದ. ನಮ್ಮ ತಿಪ್ಪೆಯ ಹತ್ತಿರ ಬರುವುದಕ್ಕೂ ನನ್ನ ಗಂಡ ಕೂಸನ್ನು ಇಡುವುದಕ್ಕೂ ಸರಿಹೋಯಿತು.

"ಬ್ಯಾಡ ನನಗ ಈ ಕೂಸು! ಬೇಕಾದ್ರ ನಾಯಿ ತಿನ್ನಲಿ!"

ಮೆಲ್ಲಗೆ ಹೇಳಿದ್ದರೂ ನಡೆಯುತ್ತಿತ್ತು.

"ಏ, ನಿಲ್ಲಲೇ!" ಎಂದು ಜಮಾದಾರ ಕೂಗಿದ. ತಿರುಗಿ ನೋಡಬಾರದಲ್ಲ, ಇವನು ನೋಡಲಿಲ್ಲ. ಜಮಾದಾರ ಸೀಟಿ ಊದಿದ. ಇವನು ಓಡಿದ. ಮನೆಯ ಬಾಗಿಲಲ್ಲಿ ಹಿಡಿದರು. ಆಗಲೂ ಕತ್ತು ತಿರುಗಿಸಲಿಲ್ಲ. ಜಮಾದಾರನೇ ಸುತ್ತು ಹಾಕಿ ಮುಂದೆ ಬಂದು ನಿಂತ.

ಇವನನ್ನು, ಅಷ್ಟರಲ್ಲಿ ಕೂಸನ್ನು ಎತ್ತಿಕೊಂಡಿದ್ದ ಖಾಸಿಂಬೀಯನ್ನು, ಕೂಸನ್ನು ಬಂಡಿಯಲ್ಲಿ ಸಿಂಧನೂರು ಠಾಣೆಗೆ ಒಯ್ದರು. ಹಾಲಿಲ್ಲದೆ ಕೂಸು ಹೇಗಿರುತ್ತದೆ? ಹಸಿ ಬಾಣಂತಿ ನಾನೂ ತಲೆಗೆ ಬಟ್ಟೆ ಸುತ್ತಿ ಬಂಡಿ ಹತ್ತಿದೆ.

ಠಾಣೆಗೆ ದೊಡ್ಡವರಾದ ಅಮೀನರು ಎಳೆಯ ವಯಸ್ಸಿನವರು. ಊರಲ್ಲಿ ಕೇಳಿದ್ದನ್ನೆಲ್ಲ ಜಮಾದಾರ ಅವರಿಗೆ ಹೇಳಿದ್ದ.

"ಮೊದಲಿನ ಎರಡು ಕೂಸು ಎಲ್ಲದಾವ?"

"ಹೊಲದ ಬದುವಿನ್ಯಾಗ ಅದಾವ್ರೀ."

"ಹುಗದಾಂವ ಯಾರು?"

"ನಾನರೀ."

ಜಮಾದಾರ ಮೀಸೆ ತೀಡಿದ.

"ಎರಡು ಕೊಂದು ಇದನ್ನೂ ಕೊಲ್ಲಾಕ ಹೊಂಟಿದ್ದಿ," ಎಂದರು ಅಮೀನರು. "ಇದು ನಿನ್ನ ಮಗ ಹೌದೋ ಅಲ್ಲೋ?"

ಪದ್ಧತಿ ಬಿಡಿಸಿ ಹೇಳಿದರೆ ಕೂಸು ಯಾರದೆಂದು ಹೇಳಿದಂತೆಯೇ. ನನ್ನ ಗಂಡ ಬೆವರಿದ.

"ಅಲ್ರೀ."

"ಮತ್ತ ಯಾರದು?"

"ಖಾಸಿಂಬೀದು."

"ನಂದ ಸಾಬ್," ಎಂದಳು ಖಾಸಿಂಬೀ. "ತಿಪ್ಪ್ಯಾಗ ಸಿಕ್ಕೈತಿ."

ಅಮೀನರು ನನ್ನ ಕಡೆ ತಿರುಗಿದರು. ನಾನು ಸೆರಗಿನೊಳಗೆ ಹಾಲು ಕುಡಿಸುತ್ತಿದ್ದೆ.

"ನಂದೂ ಅಲ್ರೀ," ಎಂದೆ.

ಅಮೀನರು ಟೋಪಿ ತೆಗೆದು ಮೇಜಿನ ಮೇಲೆ ಇಟ್ಟರು. "ನಿನ್ನ ಮಗ ಅಂತ ಒಪ್ಕೊಂಡು ಯಾಕ ಒಗದಿ ಹೇಳು, ಕೇಳತೀನಿ. ಇಲ್ಲಂದ್ರ ಜೈಲು. ಆಮ್ಯಾಲ ಗಲ್ಲು."

"ಗಲ್ಲಿಗೇ ಹಾಕ್ರಿ," ಎಂದ ನನ್ನ ಗಂಡ. "ಕೂಸು ನಂದಲ್ಲ."

ಹೇಳಿ ಅತ್ತ. ನಾನೂ ಅತ್ತೆ. ಕೂಸು ಇಬ್ಬರಿಗಿಂತ ಜೋರಾಗಿ ಅತ್ತಿತು. ಆ ಸದ್ದಿಗೆ ಹಿಂದಿನ ಮನೆಯಿಂದ ಅಮೀನರ ಮುದುಕಿ ತಾಯಿ ಬಂದಳು. ಕೂಸಿನ ಬಟ್ಟೆಗೆ ಹತ್ತಿದ್ದ ತಿಪ್ಪೆಯ ಕಸ ನೋಡಿದಳು. ನಮ್ಮ ಮುಖ ನೋಡಿದಳು.

"ಇನ್ನೂ ಮಾರಿಲ್ಲೇನವ್ವ?"

"ಹೆಂಗ ಮಾರಲಿ ಅಮ್ಮಾ?" ಎಂದಳು ಖಾಸಿಂಬೀ. "ಕೊಳ್ಳಾಂವನ್ನ ನಿಮ್ಮ ಮಗ ಹಿಡಕೊಂಡು ಕುಂತಾರ."

ಮುದುಕಿ ಒಳಗೆ ಹೋಗಿ ಮೊರದಲ್ಲಿ ನುಚ್ಚು ತಂದು ನನ್ನ ಗಂಡನ ಕೈಗೆ ಕೊಟ್ಟಳು.

"ಏನಿದು ಯವ್ವಾ?" ಎಂದರು ಅಮೀನರು.

"ಮೂಗಿನ್ಯಾಗ ತೂತು ಯಾಕೈತಿ ಅಂತ ಸಣ್ಣಾಂವಿದ್ದಾಗ ಅಳತಿದ್ದೆಲ್ಲ? ನೀನೂ ತಿಪ್ಪ್ಯಾಗ ಸಿಕ್ಕಾಂವನ. ನಿನಗ ಇಷ್ಟು ನುಚ್ಚೂ ಕೊಟ್ಟಿದ್ದಿಲ್ಲ ನಾನು."

ಅಮೀನರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಜಮಾದಾರನಿಗೆ ಕೆಮ್ಮು ಬಂದು ಹೊರಗೆ ಹೋದ.

ಖಾಸಿಂಬೀ ಬಳೆ ಮಾರುವವಳು, ಅಲ್ಲಿಯೂ ಬಿಡಲಿಲ್ಲ. "ಮೊರ ತುಂಬಿಲ್ಲ," ಎಂದಳು. ಮುದುಕಿ ಇನ್ನೊಂದು ಬೊಗಸೆ ಹಾಕಿದಳು. ಕೂಸು ನಮ್ಮದಾಯಿತು.

"ಈಗರ ಹೇಳೋ ಮಾರಾಯ, ಯಾರದು?" ಎಂದರು ಅಮೀನರು.

ನನ್ನ ಗಂಡ ಕೂಸನ್ನು ಎತ್ತಿಕೊಂಡ. "ಖಾಸಿಂಬೀ ಕಡಿಂದ ತಂದೀನ್ರೀ," ಎಂದ.

ಅಮೀನರು ಬಾಗಿಲು ತೋರಿಸಿದರು.

ಕೊಂಡ ಮೇಲೆ ನನ್ನ ಮಗ ಅನ್ನಬಹುದು. ಅವನು ಅನ್ನಲಿಲ್ಲ. ಹುಡುಗನಿಗೆ ತಿಪ್ಪಣ್ಣ ಎಂದು ಹೆಸರಿಟ್ಟ, ಹೆಗಲ ಮೇಲೆ ಹೊತ್ತು ಕುರಿ ಕಾಯ್ದ. ಯಾರು ಕೇಳಿದರೂ "ಖಾಸಿಂಬೀ ಮಗ" ಅನ್ನುತ್ತಿದ್ದ. ಜ್ವರದಲ್ಲಿ ಮಾತು ನಿಲ್ಲುವ ಮೊದಲು ನನ್ನನ್ನು ಕೇಳಿದ್ದೂ ಅದೇ.

"ಖಾಸಿಂಬೀ ಮಗ ಉಂಡಾನೇನು?"

"ಉಂಡಾನ," ಎಂದೆ.

ಮೊನ್ನೆ ಶಾಲೆಗೆ ಹುಡುಗನ ಹೆಸರು ಹಚ್ಚಲು ಹೋದೆ. ಸಾವು ಕೇಳಿಸಿಕೊಂಡೀತೆಂಬ ಹೆದರಿಕೆಗೆ ಅವನನ್ನು ಬಿಟ್ಟು ಒಬ್ಬಳೇ ಹೋದೆ. ಮಾಸ್ತರರು ತಂದೆಯ ಹೆಸರು ಕೇಳಿದರು. ಯಮನೂರಪ್ಪ ಎಂದೆ. ಗಂಡನ ಹೆಸರು ಬಾಯಿಂದ ಆಡಿದ್ದು ಅದೇ ಮೊದಲು. ಆಡಿ ಓಡುತ್ತಾ ಮನೆಗೆ ಬಂದೆ. ಹುಡುಗ ಖಾಸಿಂಬೀ ಕಟ್ಟೆಯ ಮೇಲೆ ಕುಳಿತು, ಅವಳು ಬಯ್ಯುತ್ತಿದ್ದರೂ, ಇನ್ನೊಂದು ರೊಟ್ಟಿ ಕೇಳುತ್ತಿದ್ದ.