ಹಳದಿ ಗುಂಡಿಯ ಕೂಗು

ಲೇತ್ ಮಿಷನ್ನಿನ ಸ್ವಿಚ್ಚು ಹಾಕಿದ್ದೇ ತಡ, ಮೇಲೆ ನೇತುಹಾಕಿದ್ದ ಡಬ್ಬಿ "ನೋವು! ನೋವು!" ಎಂದು ಕೂಗಿಕೊಂಡಿತು. ಅನಂತರಾಜು ಕೈಲಿದ್ದ ಉಳಿ ಬಿಸಾಡಿ ಒಳಗೆ ಓಡಿದ. ಅಡುಗೆಮನೆಯಿಂದ ಮಗಳು ಪ್ರತಿಮಾ ಓಡಿ ಬಂದಳು. ನೋಡಿದರೆ ಮಂಚದ ಮೇಲೆ ಹೆಂಡತಿ ಶಿವಲಿಂಗಮ್ಮ ಗೋಡೆಯ ಹಲ್ಲಿಯನ್ನು ನೋಡುತ್ತಾ ನೆಮ್ಮದಿಯಾಗಿ ಮಲಗಿದ್ದಾಳೆ. ಆಡುವ ಒಂದೇ ಕೈ, ಎಡಗೈ, ಕಂಬಳಿಯೊಳಗಿದೆ.

"ಇದೂ ಸುಳ್ಳೇ ಕಣವ್ವ," ಎಂದ ಅನಂತರಾಜು, ಏದುಸಿರು ಬಿಡುತ್ತಾ. "ನಿಮ್ಮವ್ವಂಗಿಂತ ಮುಂಚೆ ನಂಗೇ ಎದೆ ಒಡೀತದೆ."

ಆ ಸುಳ್ಳು ಹೇಳಿದ ಡಬ್ಬಿ ಪ್ರತಿಮಾಳ ಕೈಯಿಂದಲೇ ಆದದ್ದು.

ಚನ್ನಪಟ್ಟಣದ ಆ ಮನೆಯಲ್ಲಿ ಬೊಂಬೆ ಕಡೆಯುವುದು ಅಪ್ಪನ ಕಸುಬು, ಕೆಟ್ಟ ಮೊಬೈಲು ರಿಪೇರಿ ಮಾಡುವುದು ಮಗಳ ಕಸುಬು. ಅವ್ವನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋದವು. ಎಂಥ ಮಾತು ಅವಳದ್ದು! ಲೇತಿನ ಸದ್ದು ನಿಂತರೆ ಸಾಕು, ಒಳಗಿಂದ ಅವಳ ಸದ್ದು ಶುರುವಾಗಿ ಬೀದಿಗೆಲ್ಲ ಕೇಳುತ್ತಿತ್ತು. ಅಂಥವಳು ಮೂಕಿಯಾಗಿ ಮಲಗಿದ್ದನ್ನು ನೋಡಲಾರದೆ ಅಪ್ಪ, ಮಗಳು ಸೇರಿ ಅವಳಿಗೊಂದು ಕೀಬೋರ್ಡು ಮಾಡಿದರು. ಅಪ್ಪ ಹಾಲೆ ಮರದಲ್ಲಿ ಮೂರು ಗುಂಡಿ ಕಡೆದು ಅರಗಿನ ಬಣ್ಣ ಹಚ್ಚಿದ. ಕೆಂಪು ನೋವಿಗೆ, ನೀಲಿ ನೀರಿಗೆ, ಹಳದಿ ಹಸಿವಿಗೆ. ಒತ್ತಿದ ಗುಂಡಿಯ ಮಾತನ್ನು ಡಬ್ಬಿ ಆಡುವಂತೆ ಮಗಳು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿಗೆ ತನ್ನದೇ ದನಿ ತುಂಬಿದಳು. ಲೇತಿನ ಗದ್ದಲದಲ್ಲೂ ಅಪ್ಪನಿಗೆ ಕೇಳಲಿ ಎಂದು ಮಾತಾಡುವ ಡಬ್ಬಿಯನ್ನು ಅವನ ತಲೆಯ ಮೇಲೇ ನೇತುಹಾಕಿ, ಮಂಚದಿಂದ ಅಲ್ಲಿಯವರೆಗೆ ಉದ್ದಕ್ಕೆ ತಂತಿ ಎಳೆದಳು. ಅಲ್ಲಿಂದ ಶುರುವಾಯಿತು ಈ ಕಾಟ.

ಒಂದು ಸಂಜೆ ಪ್ರತಿಮಾ ತನ್ನ ರಿಪೇರಿ ಅಂಗಡಿಯಿಂದ ಬಂದಾಗ ಡಬ್ಬಿ "ನೀರು, ನೀರು" ಎನ್ನುತ್ತಲೇ ಇತ್ತು. ಅಪ್ಪ ತಲೆ ಎತ್ತದೆ ಬುಗುರಿಗೆ ಬಣ್ಣ ಹಿಡಿಸುತ್ತಿದ್ದ. ಒಳಗೆ ಹೋದರೆ ಅವ್ವನ ತುಟಿ ಒಣಗಿ ಬಿರಿದಿತ್ತು, ಬೆರಳು ನೀಲಿ ಗುಂಡಿಯನ್ನು ಒತ್ತುತ್ತಲೇ ಇತ್ತು, ಕಣ್ಣಲ್ಲಿ ನೀರು. ಪ್ರತಿಮಾ ಓಡಿಹೋಗಿ ಲೋಟ ತಂದು ನೀರು ಕುಡಿಸಿದಳು.

"ದಿನಾ ಸಾಯೋರ್ಗೆ ಅಳೋರ್ಯಾರು ಅಂತ ಸುಮ್ಕೆ ಕುಂತ್ಬುಟ್ಟೆ ಕಣವ್ವ," ಎಂದ ಅಪ್ಪ. ಆಡಿದ್ದು ಎಂಥ ಮಾತೆಂದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ.

ನಾಳೆ ನಿಜವಾಗಿ ಎದೆನೋವು ಬಂದು ಅವ್ವ ಕೆಂಪು ಗುಂಡಿ ಒತ್ತಿದರೆ? ಅಂಗಡಿಯಲ್ಲಿ ಕೂತಾಗಲೂ ಪ್ರತಿಮಾಳಿಗೆ ಇದೇ ಯೋಚನೆ. ಫೋನು ರಿಂಗಾದರೆ ಕೈಯ ಕೆಲಸ ಬಿಟ್ಟು ಎದ್ದುನಿಲ್ಲುತ್ತಿದ್ದಳು. ಒತ್ತಿದ್ದು ನೀನೇನಾ ಎಂದು ಅವ್ವನನ್ನೇ ಕೇಳೋಣವೆಂದರೆ ಹೌದಿಗೂ ಅಲ್ಲಕ್ಕೂ ತಲೆ ಒಂದೇ ಥರ ಅಲ್ಲಾಡುತ್ತಿತ್ತು. ಪ್ರೋಗ್ರಾಮು ತಿದ್ದಿದಳು, ಬೆಸುಗೆ ಬಿಚ್ಚಿ ಮತ್ತೆ ಬೆಸೆದಳು. ಅಂಗಡಿಗೆ ಒಯ್ದು ನೋಡಿದರೆ ಡಬ್ಬಿ ಒಳ್ಳೆ ಗರತಿಯ ಹಾಗೆ ತೆಪ್ಪಗಿತ್ತು. ಮನೆಗೆ ತಂದು ಜೋಡಿಸಿದಾಗಲೂ ಸುಮ್ಮನಿತ್ತು. ಅಪ್ಪ ಲೇತಿನ ಸ್ವಿಚ್ಚು ಹಾಕಿದ, "ನೋವು!" ಎಂದಿತು.

"ಅಪ್ಪ, ಒಸಿ ಆರ್ಸು. ಈಗ ಇನ್ನೊಂದ್ಸಲ ಹಾಕು."

"ನೋವು!"

ಆಗ ಗೊತ್ತಾಯಿತು. ಗುಂಡಿ ಒತ್ತಿದಾಗ ತಂತಿಗೆ ಕರೆಂಟು ಬರುತ್ತದೆ, ಸರಿ. ಒತ್ತದೆ ಇದ್ದಾಗ ಆ ತಂತಿಯನ್ನು ಅವಳು ಎಲ್ಲಿಗೂ ಕಟ್ಟಿರಲೇ ಇಲ್ಲ. ಗೂಟಕ್ಕೆ ಕಟ್ಟದ ಕರುವಿನಂತೆ ಅದು ಬಿಡಾಡಿಯಾಗಿತ್ತು. ಸಾಲದ್ದಕ್ಕೆ ಮೋಟಾರಿನ ವೈರಿನ ಜೊತೆಗೇ ಒಂದೇ ಮೊಳೆಗೆ ಸುತ್ತಿದ್ದಳು. ಮೋಟಾರು ಗುರ್ರೆಂದಾಗಲೆಲ್ಲ ತಂತಿ ಬೆದರುತ್ತಿತ್ತು, ಚಿಪ್ಪು ಅದನ್ನೇ ಅವ್ವನ ಬೆರಳೆಂದು ನಂಬುತ್ತಿತ್ತು. ಪ್ರತಿಮಾ ಪ್ರತಿ ತಂತಿಗೂ ಒಂದೊಂದು ರೆಸಿಸ್ಟರ್ ಬೆಸೆದು, ಕರುವನ್ನು ಗೂಟಕ್ಕೆ ಕಟ್ಟಿದಂತೆ ಗ್ರೌಂಡಿಗೆ ಕಟ್ಟಿದಳು, ತಂತಿಗಳನ್ನು ಆಚೆ ಗೋಡೆಗೆ ಸರಿಸಿದಳು. ಅಪ್ಪ ಮತ್ತೆ ಮತ್ತೆ ಲೇತು ಹಾಕಿ ಆರಿಸಿದ. ಡಬ್ಬಿ ಉಸಿರೆತ್ತಲಿಲ್ಲ.

ಮಾರನೆಯ ಮಧ್ಯಾಹ್ನ ಅವ್ವನಿಗೆ ಹೊಟ್ಟೆ ತುಂಬ ಉಣ್ಣಿಸಿ ಪ್ರತಿಮಾ ತಟ್ಟೆ ತೊಳೆಯುತ್ತಿದ್ದಳು. ಲೇತು ನಿಂತಿತು.

"ಹಸಿವು," ಎಂದಿತು ಡಬ್ಬಿ.

ಅದರ ಮರುದಿನವೂ ಅದೇ: ಉಂಡಾಗಿದೆ, ಲೇತು ನಿಂತಿದೆ, ಹಸಿವು. ಮೊದಲು ಹಾಕಿದಾಗ ಕೂಗುತ್ತಿದ್ದದ್ದು ಈಗ ಆರಿಸಿದಾಗ ಕೂಗುತ್ತದೆಯೇ? ಸುಳ್ಳು ಹೇಳುವ ಬಾಯಿಗಿಂತ ಬಾಯಿಲ್ಲದಿರುವುದೇ ವಾಸಿ ಎಂದು, ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಮಂಚದ ಬಳಿ ಕೂತಳು.

ಕೀಬೋರ್ಡಿಗೆ ಕೈ ಹಾಕಿದರೆ ಅವ್ವ ಬಿಡಲಿಲ್ಲ. ಅವಳ ಎಡಗೈ ಹಳದಿ ಗುಂಡಿಯ ಮೇಲೇ ಇತ್ತು. ಕಣ್ಣು ಮಾತ್ರ ಮಗಳ ಕಡೆ ಇರಲಿಲ್ಲ, ಬಾಗಿಲ ಕಡೆಗಿತ್ತು. ಅಲ್ಲಿ ಅಪ್ಪ ಮೈಮೇಲಿನ ಮರದ ಹೊಟ್ಟು ಕೊಡವಿಕೊಳ್ಳುತ್ತಾ ನಿಂತಿದ್ದ. ಅವನನ್ನೇ ನೋಡುತ್ತಾ ಅವ್ವ ಗುಂಡಿ ಒತ್ತಿದಳು.

"ಹಸಿವು."

ಪ್ರತಿಮಾಳ ಕೈ ನಿಂತುಹೋಯಿತು. ಲೇತು ನಿಂತೊಡನೆ ಅಡುಗೆಮನೆಯಿಂದ ಬರುತ್ತಿದ್ದ ಅವ್ವನ ಆ ಹಳೆಯ ದನಿ ಕಿವಿಯಲ್ಲಿ ಕೇಳಿಸಿತು: "ಏನೂಂದ್ರೆ, ಹೊಟ್ಟೆ ಹಸೀತಾ? ಉಣ್ಣಕ್ಕೆ ಇಕ್ಲಾ?" ಇನ್ನೊಬ್ಬರ ಹಸಿವು ಕೇಳುವುದಕ್ಕೆ ಅವ್ವನಿಗೆ ತಾವು ಗುಂಡಿಯನ್ನೇ ಕೊಟ್ಟಿರಲಿಲ್ಲ. ಇದ್ದುದರಲ್ಲೇ ಕೇಳುತ್ತಿದ್ದಳು.

"ಅಪ್ಪ, ಅವ್ವಂಗಲ್ಲ ಹಸಿವು. ನಿನ್ನ ಕೇಳ್ತಾವ್ಳೆ."

ಅನಂತರಾಜು ಮಂಚದ ಅಂಚಿಗೆ ಕೂತ.

"ಹೂಂ ಕಣೇ," ಎಂದ. "ಹಸ್ದೈತೆ."

ಶಿವಲಿಂಗಮ್ಮ ಗುಂಡಿಯಿಂದ ಕೈ ತೆಗೆದಳು. ಪ್ರತಿಮಾ ಅಪ್ಪನಿಗೆ ತಟ್ಟೆ ತರಲು ಎದ್ದಳು.